ಒಂದು ಸಾರಸದ ಉತಾರ

ನಮ್ಮ ಕಡೆ ಹೊಲದ ಮಾತು ಬಂತೆಂದರೆ ಮೊದಲು ಉತಾರ ತೆಗೆಸಿ ನೋಡುತ್ತಾರೆ. ಮಾಲಿಕರು ಯಾರು, ಸಾಗುವಳಿ ಯಾರದು, ಬೋಜಾ ಏನಿದೆ, ಯಾವ ಪೀಕು ಬರೆದಿದ್ದಾರೆ ಎಂಬಿಷ್ಟು ತಿಳಿದರೆ ಆ ಹೊಲದ ಅರ್ಧ ಕತೆ ತಿಳಿದ ಹಾಗೆ. ವಿಮಾನಗಳಿಗೂ ಇಂಥದೊಂದು ದಾಖಲೆ ಉಂಟು. ಅದರ ಸಂಖ್ಯೆಯನ್ನು ಕಚೇರಿಯ ಕಪಾಟಿನಲ್ಲಿ ಮುಚ್ಚಿಡುವುದಿಲ್ಲ, ವಿಮಾನದ ಮೈಮೇಲೆಯೇ ದೊಡ್ಡದಾಗಿ ಬರೆದಿರುತ್ತಾರೆ. ನಾನು ಹೇಳಹೊರಟಿರುವ ವಿಮಾನದ ಮೈಮೇಲಿದ್ದ ಅಕ್ಷರಗಳು ವಿಟಿ-ಎಕ್ಸ್‌ಎಸ್‌ಡಿ. ವಿಟಿ ಎಂದರೆ ಭಾರತದ ವಿಮಾನ. ಅದರ ಹಿಂದೆ ಬರುವ ಎಕ್ಸ್, ಇದಿನ್ನೂ ಪರೀಕ್ಷೆಯಲ್ಲಿದೆ, ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಹಾಗಿಲ್ಲ ಎಂದು ಸಾರುವ ಅಕ್ಷರ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಕಟ್ಟಿದ ಸಾರಸ್ ವಿಮಾನದ ಮೊದಲ ಮಾದರಿ ಇದು. 14 ಸೀಟು, ಎರಡು ಎಂಜಿನ್, ಬೆನ್ನ ಹಿಂದೆ ತಿರುಗುವ ಪ್ರೊಪೆಲರ್. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಓದುಗರು ಹೆಚ್ಚಾಗಿರುವ ಈ ಸ್ಮರಣ ಸಂಚಿಕೆಗೆ ಬೆಂಗಳೂರಿನ ಒಂದು ಪ್ರಯೋಗಾಲಯದ ಚರಿತ್ರೆ ಯಾಕೆ ಬೇಕು ಎಂದು ಯಾರಾದರೂ ಕೇಳಿಯಾರು. ನನ್ನ ಉತ್ತರ ಇಷ್ಟೇ: ಈ ವಿಮಾನದ ಕನಸು ಕಂಡವರ ಕಣ್ಣಮುಂದೆ ಇದ್ದದ್ದು ದೆಹಲಿ, ಮುಂಬೈ ಅಲ್ಲ, ನಮ್ಮಂಥ ಊರುಗಳು. ದೊಡ್ಡ ವಿಮಾನ ಇಳಿಯಲು ಜಾಗವಿಲ್ಲದ, ಇಳಿದರೂ ತುಂಬುವಷ್ಟು ಜನ ಸಿಗದ, ಆದರೆ ದಿನವೂ ಹತ್ತಿಪ್ಪತ್ತು ಮಂದಿ ತುರ್ತಾಗಿ ರಾಜಧಾನಿ ಮುಟ್ಟಲೇಬೇಕಾದ ಊರುಗಳು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ದೂರದ ರಾಜ್ಯಗಳಿಂದ ಖರೀದಿದಾರರು ಬರುತ್ತಾರೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಕ್ಕೆ ದೇಶದ ತುಂಬ ಗಿರಾಕಿಗಳಿದ್ದಾರೆ. ಹಾವೇರಿ 1997ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿ, ಕೋರ್ಟು, ಆಸ್ಪತ್ರೆಯ ಕೆಲಸಕ್ಕೆ ಬೆಂಗಳೂರಿಗೆ ಓಡುವವರು ಹೆಚ್ಚಾಗಿದ್ದಾರೆ. ಹಾವೇರಿಯಿಂದ ಬೆಂಗಳೂರಿಗೆ ಹಕ್ಕಿ ಹಾರುವ ನೇರ ದಾರಿ ಹೆಚ್ಚೂಕಡಿಮೆ 310 ಕಿಲೋಮೀಟರು. ನಾವಾದರೋ ಇವತ್ತಿಗೂ ರಾತ್ರಿ ಬಸ್ಸು ಹತ್ತಿ, ಕುತ್ತಿಗೆ ನೋಯಿಸಿಕೊಂಡು, ಬೆಳಗಿನ ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆಯುವವರು.

ಎನ್‌ಎಎಲ್ ಹುಟ್ಟಿದ್ದು 1959ರ ಜೂನ್ 1ರಂದು, ದೆಹಲಿಯಲ್ಲಿ. ಮರುವರ್ಷವೇ ಬೆಂಗಳೂರಿಗೆ ಬಂತು. ಮೊದಲ ಬಿಡಾರ ಜಯಮಹಲ್ ರಸ್ತೆಯಲ್ಲಿ, ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯದಲ್ಲಿ. ಲಾಯದಲ್ಲಿ ಶುರುವಾದ ಸಂಸ್ಥೆ ಮುಂದೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ನೆಲೆಯೂರಿ, ಗಾಳಿಸುರಂಗಗಳನ್ನು ಕಟ್ಟಿತು. ಗಾಳಿಯನ್ನು ಶಬ್ದದ ವೇಗಕ್ಕಿಂತ ಜೋರಾಗಿ ಊದಿ, ಅದರೊಳಗೆ ವಿಮಾನದ ಪುಟ್ಟ ಮಾದರಿ ನಿಲ್ಲಿಸಿ ನೋಡುವ ಆ ಸುರಂಗದಿಂದಾಗಿ ಅಲ್ಲಿನ ಒಂದು ರಸ್ತೆಗೆ ವಿಂಡ್ ಟನಲ್ ರೋಡ್ ಎಂಬ ಹೆಸರೇ ಬಿದ್ದಿದೆ. ಇಪ್ಪತ್ತೈದು ವರ್ಷ ಎನ್‌ಎಎಲ್ ಮಾಡಿದ್ದು ಇಂಥ ಕೆಲಸವನ್ನೇ. ಬೇರೆಯವರು ಕಟ್ಟುವ ವಿಮಾನಗಳ ರೆಕ್ಕೆ, ಲೋಹ, ದಣಿವು, ಬಿರುಕು ಇವುಗಳ ಪರೀಕ್ಷೆ. ತಾನೇ ಒಂದು ಪ್ರಯಾಣಿಕ ವಿಮಾನ ಕಟ್ಟಬೇಕೆಂಬ ಹಂಬಲ ಗಟ್ಟಿಯಾದದ್ದು 1980ರ ದಶಕದಲ್ಲಿ. ಆಗ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ತಲೆಮಾರಿನ ಪ್ರಾಧ್ಯಾಪಕ ಆರ್.ಎಲ್. ನರಸಿಂಹಯ್ಯನವರ ಮಗ. ವಿಜ್ಞಾನವನ್ನು ಊರಿನ ಜನರ ಭಾಷೆಗೆ ತಂದ ಮನೆತನದಿಂದ ಬಂದವರ ಕಾಲದಲ್ಲೇ ವಿಮಾನವನ್ನು ಸಣ್ಣ ಊರುಗಳ ಹತ್ತಿರಕ್ಕೆ ತರುವ ಯೋಚನೆ ಬೆಳೆದದ್ದು ನನಗೆ ಬರೀ ಕಾಕತಾಳೀಯವೆಂದು ತೋರುವುದಿಲ್ಲ.

ಆ ಹೊತ್ತಿನ ದೇಶದ ಸ್ಥಿತಿಯನ್ನೂ ನೆನೆಯಬೇಕು. 1981ರ ಜನವರಿಯಲ್ಲಿ ವಾಯುದೂತ ಎಂಬ ಸರ್ಕಾರಿ ಕಂಪನಿ ಹುಟ್ಟಿತ್ತು, ದೊಡ್ಡ ವಿಮಾನ ಹೋಗದ ಊರುಗಳಿಗೆ ಸಣ್ಣ ವಿಮಾನ ಬಿಡುವುದಕ್ಕೆಂದೇ. ಮೊದಲು ಈಶಾನ್ಯದ ಗುಡ್ಡಗಾಡು, ಆಮೇಲೆ ದೇಶದ ಉಳಿದ ಭಾಗ. ಅದಕ್ಕೆ ಬೇಕಾದ ಡಾರ್ನಿಯರ್ 228 ವಿಮಾನವನ್ನು ಜರ್ಮನಿಯ ಪರವಾನಗಿ ಪಡೆದು ಸರ್ಕಾರದ್ದೇ ವಿಮಾನ ಕಾರ್ಖಾನೆಯಾದ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟತೊಡಗಿತು. ಪರವಾನಗಿಯ ವಿಮಾನವೆಂದರೆ ಕೋರು ಹಾಕಿಕೊಂಡ ಹೊಲವಿದ್ದಂತೆ. ಬೆವರು ನಮ್ಮದು, ಮಣ್ಣು ಇನ್ನೊಬ್ಬರದು. ನಮ್ಮದೇ ನಕ್ಷೆಯ ವಿಮಾನ ಬೇಕು ಎಂಬ ಮಾತು ಅಲ್ಲಿಂದ ಎದ್ದಿತು. ಎನ್‌ಎಎಲ್‌ನ ಸಂಶೋಧನಾ ಮಂಡಳಿ ಅಧ್ಯಯನ ಮಾಡಲು ಹೇಳಿತು. 1989ರ ನವೆಂಬರ್ ಹೊತ್ತಿಗೆ ತಯಾರಾದ ಕಾರ್ಯಸಾಧ್ಯತೆಯ ವರದಿ, 9ರಿಂದ 14 ಸೀಟಿನ ಬಹೂಪಯೋಗಿ ಹಗುರ ವಿಮಾನಕ್ಕೆ ದೇಶದಲ್ಲಿ ಒಳ್ಳೆಯ ಬೇಡಿಕೆಯಿದೆ, ಹತ್ತು ವರ್ಷದಲ್ಲಿ 250ರಿಂದ 350 ವಿಮಾನ ಬೇಕಾದಾವು ಎಂದಿತು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುನ್ನೂರು ವಿಮಾನದ ಲೆಕ್ಕ ಹಾಕಿ ಕೂತವರು ಕೊನೆಗೆ ಹಾರಿಸಿದ್ದು ಎರಡು.

1991ರಲ್ಲಿ ರಷ್ಯಾದ ಮಯಾಸಿಷ್ಚೆವ್ ವಿನ್ಯಾಸ ಸಂಸ್ಥೆ ಪಾಲುದಾರನಾಗಿ ಸಿಕ್ಕಿತು. ಅವರ ಕೈಯಲ್ಲೂ ಡ್ಯುಯೆಟ್ ಎಂಬ ಹೆಸರಿನ ಇಂಥದೇ ಒಂದು ಸಣ್ಣ ವಿಮಾನದ ಯೋಜನೆ ಇತ್ತು. ಎರಡೂ ಕಡೆಯವರು ಖರ್ಚು ಹಂಚಿಕೊಂಡು ಒಂದೇ ವಿಮಾನ ಕಟ್ಟುವುದು ಒಪ್ಪಂದ. ಅದೇ ವರ್ಷ ಸೋವಿಯತ್ ಒಕ್ಕೂಟ ಒಡೆಯಿತು. ಪಾಲುದಾರರ ಬೊಕ್ಕಸ ಬರಿದಾಯಿತು, ಅವರು ಹಿಂದೆ ಸರಿದರು. ಉತಾರದಲ್ಲಿ ಎರಡು ಹೆಸರು ಬರೆಯಬೇಕಾದಲ್ಲಿ ಒಂದೇ ಉಳಿಯಿತು. 1993ರ ಅಕ್ಟೋಬರಿನಲ್ಲಿ ವಿಮಾನಕ್ಕೆ ಸಾರಸ್ ಎಂದು ಹೆಸರಿಟ್ಟರು. ಕೆರೆಯ ಹಕ್ಕಿಯ ಹೆಸರು. ಉದ್ದ ಕಾಲಿನ, ಕೆಂಪು ಕೊರಳಿನ, ಜೋಡಿ ಬಿಡದ ಹಕ್ಕಿ ಎಂದು ನಾವು ಕೇಳಿ ಬೆಳೆದ ಸಾರಸ. ಹೆಸರು ಇಟ್ಟ ಹೊತ್ತಿಗೆ ಜೋಡಿ ಆಗಲೇ ತಪ್ಪಿತ್ತು.

ಒಂಟಿಯಾಗಿಯೇ ಕೆಲಸ ಮುಂದುವರಿಯಿತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯಿತು, ಅಮೆರಿಕ ನಿರ್ಬಂಧ ಹೇರಿತು, ಹೊರಗಿನಿಂದ ಬರಬೇಕಾದ ಸಾಮಾನು ತಡೆದು ನಿಂತವು. ವಿಮಾನವೊಂದಕ್ಕೆ ಸಾವಿರಾರು ಬಿಡಿಭಾಗ. ಅದರಲ್ಲಿ ಒಂದು ಪಂಪು, ಒಂದು ಮೀಟರು ಬರದಿದ್ದರೂ ಇಡೀ ವಿಮಾನ ನೆಲ ಬಿಡದು. ಕೊನೆಗೆ 1999ರ ಸೆಪ್ಟೆಂಬರ್ 24ರಂದು ಸರ್ಕಾರದ ವಿಧಿವತ್ ಮಂಜೂರಾತಿ ಸಿಕ್ಕಿತು. 2001ರ ಮಾರ್ಚ್ ಒಳಗೆ ಹಾರಬೇಕು ಎಂಬುದು ಗಡುವು. ವಿಮಾನ ಹಾರಿದ್ದು ಮೂರು ವರ್ಷ ತಡವಾಗಿ.

ತಡದ ಜೊತೆಗೆ ಇನ್ನೊಂದು ದೊಡ್ಡ ತೊಡಕನ್ನೂ ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ಈ ವಿಮಾನದ ಇಡೀ ಬಾಳಿನ ಗುಟ್ಟು ಅದರಲ್ಲಿದೆ. ನಮ್ಮ ಕಡೆ ಬೋಜಾ ಎಂದರೆ ಸಾಲದ ಭಾರವೂ ಹೌದು, ತೂಕವೂ ಹೌದು. ಸಾರಸ್‌ಗೆ ಬಿದ್ದದ್ದು ತೂಕದ ಬೋಜಾ. ಖಾಲಿ ವಿಮಾನ 4,125 ಕಿಲೋ ತೂಗಬೇಕೆಂದು ನಕ್ಷೆ ಹಾಕಿದ್ದರು. ಮೊದಲ ಮಾದರಿ ಕಟ್ಟಿ ತೂಕ ಹಾಕಿದಾಗ 5,118 ಕಿಲೋ ಬಂತು. 993 ಕಿಲೋ ಹೆಚ್ಚು. ಹತ್ತು ಕ್ವಿಂಟಾಲಿಗೆ ಏಳು ಕಿಲೋ ಕಡಿಮೆ. ಈ 993ನ್ನು 14ರಿಂದ ಭಾಗಿಸಿ ನೋಡಿ, ತಲೆಗೆ ಸುಮಾರು 71 ಕಿಲೋ ಬರುತ್ತದೆ. ಒಬ್ಬ ಮನುಷ್ಯನ ತೂಕ. ಎಂದರೆ ಒಬ್ಬ ಪ್ರಯಾಣಿಕನೂ ಹತ್ತುವ ಮೊದಲೇ ಹದಿನಾಲ್ಕೂ ಪ್ರಯಾಣಿಕರ ಭಾರವನ್ನು ವಿಮಾನ ಹೊತ್ತು ನಿಂತಿತ್ತು. ಕೂಡುವವರ ಜಾಗವನ್ನು ಲೋಹ ತಿಂದುಹಾಕಿತ್ತು.

ಇದು ಕೆಲಸಗಾರರ ಅಜಾಗರೂಕತೆಯಿಂದ ಆದದ್ದು ಎಂದು ಯಾರೂ ಭಾವಿಸಬಾರದು. ಮೊದಲ ವಿಮಾನ ಕಟ್ಟುವವರು ಪ್ರತಿಯೊಂದು ಕೀಲಿನಲ್ಲೂ ಒಂದಿಷ್ಟು ಹೆಚ್ಚು ಗಟ್ಟಿತನ ಇಡುತ್ತಾರೆ. ಮುರಿಯಬಾರದು ಎಂಬ ಭಯ ಇರುತ್ತದಲ್ಲ, ಅದಕ್ಕೂ ತೂಕವಿದೆ. ಎಲ್ಲೆಲ್ಲಿ ತೆಳುವು ಮಾಡಬಹುದು ಎಂಬ ಧೈರ್ಯ ಎರಡನೆಯ, ಮೂರನೆಯ ವಿಮಾನಕ್ಕೆ ಬರುವಂಥದು. ಎನ್‌ಎಎಲ್‌ನವರ ಯೋಜನೆಯೂ ಅದೇ ಆಗಿತ್ತು: ಮೂರನೆಯ ಮಾದರಿಯ ರೆಕ್ಕೆ, ಬಾಲಗಳನ್ನು ಲೋಹ ಬಿಟ್ಟು ಕಾಂಪೊಸಿಟ್‌ನಲ್ಲಿ ಮಾಡಿ ಭಾರ ಇಳಿಸುವುದು. ಆ ಮೂರನೆಯ ಮಾದರಿ ಹಾರುವ ಕಾಲ ಬರಲೇ ಇಲ್ಲ.

ರೂಪದಲ್ಲಿ ಸಾರಸ್ ಚೆಲುವಾಗಿತ್ತು. ಮುಂದೆ ಚೂಪು ಮೂಗು, ತುದಿಗೆ ಎತ್ತರದ ಟಿ ಆಕಾರದ ಬಾಲ. ಸಾಮಾನ್ಯವಾಗಿ ಪ್ರೊಪೆಲರ್ ರೆಕ್ಕೆಯ ಮುಂದಿದ್ದು ವಿಮಾನವನ್ನು ಎಳೆಯುತ್ತದೆ. ಇಲ್ಲಿ ಎಂಜಿನ್ನುಗಳನ್ನು ಮೈಯ ಹಿಂಭಾಗದಲ್ಲಿ, ಎರಡು ಪಕ್ಕೆಗೆ ಚಿಕ್ಕ ಕೈ ಚಾಚಿ ಕೂಡಿಸಿದ್ದರು. ಪ್ರೊಪೆಲರ್ ಹಿಂದಕ್ಕೆ ಮುಖ ಮಾಡಿ ವಿಮಾನವನ್ನು ದೂಡುತ್ತಿತ್ತು. ರೆಕ್ಕೆಯ ಮೇಲೆ ಹರಿಯುವ ಗಾಳಿ ಕದಡದೆ ಉಳಿಯುತ್ತದೆ, ಕೂತವರ ಕಿವಿಗೆ ಗದ್ದಲ ಕಡಿಮೆ. ಕಷ್ಟವೆಂದರೆ ಭಾರವೆಲ್ಲ ಹಿಂದಕ್ಕೆ ಹೋಗಿ ಸಮತೋಲ ಕಾಯುವುದು ನಾಜೂಕಾಗುತ್ತದೆ. ಬಂಡಿಯ ಹೇರು ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದಲ್ಲ, ಆ ಬಗೆಯ ತೊಡಕು. ಮೊದಲ ಮಾದರಿಗೆ ಕೆನಡಾದ ಪ್ರ್ಯಾಟ್ ಅಂಡ್ ವಿಟ್ನಿಯ 850 ಅಶ್ವಶಕ್ತಿಯ ಎರಡು ಎಂಜಿನ್ ಹಾಕಿದ್ದರು. ಮೊದಲು ಲೆಕ್ಕ ಹಾಕಿದ ತೂಕಕ್ಕೆ ಅದು ಸಾಕಾಗುತ್ತಿತ್ತು, ತಕ್ಕಡಿಯಲ್ಲಿ ಬಂದ ತೂಕಕ್ಕೆ ಸಾಲದಾಯಿತು.

2004ರ ಮೇ 29. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ. ಆಗ ಊರಿಗೆ ಬರುವ ಎಲ್ಲ ಪ್ರಯಾಣಿಕ ವಿಮಾನಗಳೂ ಇಳಿಯುತ್ತಿದ್ದದ್ದು ಅಲ್ಲೇ, ದೇವನಹಳ್ಳಿ ನಿಲ್ದಾಣ ತೆರೆಯುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಸ್ಕ್ವಾಡ್ರನ್ ಲೀಡರ್ ಕೆ. ವೇಣುಗೋಪಾಲ್ ಮತ್ತು ವಿಂಗ್ ಕಮಾಂಡರ್ ಆರ್.ಎಸ್. ಮಕ್ಕರ್ ಅದನ್ನು ಮೊದಲ ಬಾರಿಗೆ ನೆಲದಿಂದ ಎತ್ತಿದರು. ಇಬ್ಬರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು. ಮಾಲಿಕರು ವಿಜ್ಞಾನಿಗಳು, ಸಾಗುವಳಿ ವಾಯುಪಡೆಯವರದು. ಉತಾರದ ಈ ಎರಡು ಕಾಲಂ ಕೊನೆಯವರೆಗೂ ಹೀಗೇ ಇತ್ತು. ದೇಶದಲ್ಲಿ ಯುದ್ಧವಿಮಾನಗಳಿಗೆ ನಕ್ಷೆ ಹಾಕಿದವರಿದ್ದರು, ತರಬೇತಿ ವಿಮಾನ ಕಟ್ಟಿದವರಿದ್ದರು. ಇಷ್ಟು ಜನರನ್ನು ಕೂರಿಸಿಕೊಳ್ಳುವ ನಾಗರಿಕ ವಿಮಾನವೊಂದು ಪೂರ್ತಿಯಾಗಿ ನಮ್ಮವರ ನಕ್ಷೆಯಿಂದಲೇ ಎದ್ದು ಹಾರಿದ್ದು ಅದೇ ಮೊದಲು. ಆ ದಿನವನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು.

ಮೂರು ವರ್ಷ ಕಳೆದು, 2007ರ ಏಪ್ರಿಲ್ 18ರಂದು ಎರಡನೆಯ ಮಾದರಿ ಹಾರಿತು. ಅದರ ಅಕ್ಷರ ವಿಟಿ-ಎಕ್ಸ್‌ಆರ್‌ಎಂ. ಎಂಜಿನ್ನುಗಳು 1,200 ಅಶ್ವಶಕ್ತಿಯವು. ಅಣ್ಣ ಕಲಿಸಿದ ಪಾಠ ತಮ್ಮನ ಮೈಯಲ್ಲಿತ್ತು.

2009ರ ಮಾರ್ಚ್ 6ರ ಮಧ್ಯಾಹ್ನ ಈ ಎರಡನೆಯ ಮಾದರಿ ಪರೀಕ್ಷಾ ಹಾರಾಟಕ್ಕೆ ಹೊರಟಿತು. ಒಳಗಿದ್ದವರು ಮೂವರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಮತ್ತು ಪರೀಕ್ಷಾ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ. ಅವತ್ತಿನ ಕೆಲಸ ಆಕಾಶದಲ್ಲೇ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸಿ ನೋಡುವುದು. ಕೇಳುವವರಿಗೆ ಇದು ಹುಚ್ಚು ಸಾಹಸದಂತೆ ಕಂಡೀತು, ಆದರೆ ಈ ಪರೀಕ್ಷೆ ಆಗದೆ ಯಾವ ವಿಮಾನಕ್ಕೂ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಪ್ರಮಾಣಪತ್ರ ಸಿಗುವುದಿಲ್ಲ. ನಾಳೆ ನಾವು ನೀವು ಕೂತಾಗ ಒಂದು ಎಂಜಿನ್ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಇವತ್ತೇ ಯಾರೋ ತಮ್ಮ ಜೀವ ಒಡ್ಡಿ ನೋಡಿರಬೇಕು. ಎಂಜಿನ್ ಆರಿಸಿದಾಗ ಪ್ರೊಪೆಲರ್‌ನ ಎಲೆಗಳನ್ನು ಗಾಳಿಗೆ ಅಂಚು ಮಾಡಿ ತಿರುಗಿಸುತ್ತಾರೆ, ಇಲ್ಲವಾದರೆ ಅದೇ ಒಂದು ದೊಡ್ಡ ತಡೆಗೋಡೆಯಾಗಿ ವಿಮಾನವನ್ನು ಒಂದು ಪಕ್ಕಕ್ಕೆ ಜಗ್ಗುತ್ತದೆ. ಮತ್ತೆ ಹೊತ್ತಿಸುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಬೆಂಗಳೂರಿನಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರ, ಬಿಡದಿಯ ಹತ್ತಿರದ ಶೇಷಗಿರಿಹಳ್ಳಿಯ ಬಯಲಿನಲ್ಲಿ ವಿಮಾನ ಬಿತ್ತು. ಮೂವರೂ ತೀರಿಕೊಂಡರು.

ತನಿಖೆ ನಡೆಸಿದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಂಜಿನ್ ಮರುಹೊತ್ತಿಸಲು ಹಾಕಿಕೊಟ್ಟ ಕ್ರಮವೇ ತಪ್ಪಾಗಿತ್ತು, ಅದಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದು ಕಂಡುಕೊಂಡಿತು. ವಿಮಾನದ ವಿನ್ಯಾಸದಲ್ಲಾಗಲಿ ಕಟ್ಟಿದ ಗುಣಮಟ್ಟದಲ್ಲಾಗಲಿ ದೋಷ ಕಾಣಲಿಲ್ಲವೆಂದು ಸರ್ಕಾರವೂ ಮುಂದೆ ಹೇಳಿತು. ಈ ಎರಡು ಮಾತನ್ನೂ ಒಟ್ಟಿಗೆ ಓದಬೇಕು. ಸಾರಸ್ ಹಾರಲಾರದ ವಿಮಾನ ಎಂದು ತನಿಖೆ ಹೇಳಲಿಲ್ಲ. ಹೊಸ ವಿಮಾನದ ಪರೀಕ್ಷೆಯ ವಿದ್ಯೆ ನಮ್ಮಲ್ಲಿ ಇನ್ನೂ ಬೆಳೆಯಬೇಕಿತ್ತು, ಅದರ ಬೆಲೆಯನ್ನು ಮೂವರು ತೆತ್ತರು. ಸಂಸ್ಥೆಯ ಚರಿತ್ರೆ ಬರೆಯುವವರು ಈ ಪುಟವನ್ನು ಮೆಲ್ಲನೆ ಮಗುಚಿ ಮುಂದೆ ಹೋಗಬಾರದು. ಆ ಮೂವರ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಆಮೇಲೆ ಬಂದದ್ದು ಮೌನ. ಮೊದಲ ಮಾದರಿ, ನಮ್ಮ ವಿಟಿ-ಎಕ್ಸ್‌ಎಸ್‌ಡಿ, ಹ್ಯಾಂಗರ್ ಸೇರಿತು. ಯೋಜನೆಯ ಹಣ ನಿಂತಿತು. ವಿಮಾನ ನಿಂತರೆ ಧೂಳು ಕೂಡುತ್ತದೆ, ರಬ್ಬರ್ ಒಣಗುತ್ತದೆ, ಅವನ್ನೆಲ್ಲ ಬದಲಿಸಬಹುದು. ಬದಲಿಸಲಾಗದ್ದು ಜನ. ಹತ್ತು ಹದಿನೈದು ವರ್ಷ ಒಂದೇ ರೆಕ್ಕೆಯ ಜೊತೆ ಬದುಕಿದವರು ನಿವೃತ್ತರಾಗುತ್ತಾರೆ, ಬೇರೆ ಕೆಲಸಕ್ಕೆ ಹಂಚಿಹೋಗುತ್ತಾರೆ. ಯಾವ ಬೋಲ್ಟು ಯಾಕೆ ಆ ಅಳತೆಯದು ಎಂಬುದರ ಉತ್ತರ ಕಾಗದದಲ್ಲಿ ಅರ್ಧ ಇದ್ದರೆ ಇನ್ನರ್ಧ ಅವರ ತಲೆಯಲ್ಲಿರುತ್ತದೆ. ಹೊಲವನ್ನು ಎರಡು ಹಂಗಾಮು ಬೀಳುಬಿಟ್ಟರೆ ಕರಿಕೆ ಬೆಳೆಯುತ್ತದೆ, ಕಿತ್ತು ಹಾಕಿ ಮತ್ತೆ ಬಿತ್ತಬಹುದು. ಬಿತ್ತುವುದನ್ನು ಬಲ್ಲ ಮನೆಯ ಹಿರಿಯರೇ ಇಲ್ಲವಾದರೆ ಕಷ್ಟ ಬೇರೆ ಬಗೆಯದು. ಸಾರಸ್ ಯೋಜನೆ ಮೂರು ಸಲ ಹೀಗೆ ಬೀಳುಬಿತ್ತು: ರಷ್ಯನ್ನರು ಹೋದಾಗ, ನಿರ್ಬಂಧ ಬಂದಾಗ, ಅಪಘಾತ ಆದಾಗ. ಮೂರು ಸಲವೂ ಮುರಿದದ್ದು ನಿರಂತರತೆ. ವಿದ್ಯೆ ಇಲ್ಲವೆಂದು ನಿಂತದ್ದಲ್ಲ, ಕಲಿತ ವಿದ್ಯೆಯನ್ನು ಹಿಡಿದು ನಡೆಸುವವರು ಕೈ ಬಿಟ್ಟಿದ್ದರಿಂದ ನಿಂತದ್ದು ಎಂಬುದು ಇದೆಲ್ಲವನ್ನೂ ಓದಿ ನಾನು ತಲುಪಿರುವ ತೀರ್ಮಾನ.

2016ರ ಹೊತ್ತಿಗೆ ಜಿತೇಂದ್ರ ಜಾಧವ್ ಎನ್‌ಎಎಲ್‌ನ ನಿರ್ದೇಶಕರಾದಾಗ ಹ್ಯಾಂಗರಿನ ಬಾಗಿಲು ಮತ್ತೆ ತೆರೆಯಿತು. ಹೊಸ ವಿಮಾನ ಕಟ್ಟಲು ಹಣವಿಲ್ಲ, ಕಾಲವೂ ಇಲ್ಲ. ಇದ್ದ ಹಳೆಯದನ್ನೇ ಬಿಚ್ಚಿ ಕಟ್ಟುವುದೆಂದು ನಿಶ್ಚಯವಾಯಿತು. 850ರ ಎಂಜಿನ್ ತೆಗೆದು 1,200 ಅಶ್ವಶಕ್ತಿಯವನ್ನು ಕೂರಿಸಿದರು. 104 ಇಂಚು ಅಡ್ಡಳತೆಯ ಪ್ರೊಪೆಲರ್ ಬಂತು, ನಿಂತ ಎತ್ತರದ ಆಳನ್ನು ಮೀರಿಸುವಂಥದು. ಟೇಕಾಫ್ ಆದ ತಕ್ಷಣ ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದಲ್ಲಿ ವಿಮಾನ ಮೇಲೇರುತ್ತ ಹೋಗಬೇಕು ಎಂಬ ನಿಯಮವಿದೆ. ಆ ಏರಿಕೆಗೆ ಬೇಕಾದ ಬಲ ಹೀಗೆ ಸಿಕ್ಕಿತು. ಪೈಲಟ್‌ನ ಕೈಗೆ ಭಾರವಾಗುತ್ತಿದ್ದ ನಿಯಂತ್ರಣಗಳನ್ನು ಸುಧಾರಿಸಿದರು, ಚುಕ್ಕಾಣಿಯ ವಿಸ್ತಾರ ಬದಲಿಸಿದರು, ಒಟ್ಟು 7,100 ಕಿಲೋ ತೂಕವನ್ನು ತಡೆಯುವ ಗಾಲಿ, ಬ್ರೇಕು ಹಾಕಿದರು. ವೇಗ ಅಪಾಯಕ್ಕೆ ಇಳಿದರೆ ಮುನ್ಸೂಚನೆ ಕೊಡುವ ಉಪಕರಣವನ್ನು ಇಲ್ಲೇ ತಯಾರಿಸಿದರು. ಮೊದಲ ಮಾದರಿಗಿದ್ದ ಪಿಟಿ1 ಎಂಬ ಹೆಸರಿನ ಕೊನೆಗೆ ಹೊಸದು ಎಂಬರ್ಥದ ಒಂದು ಅಕ್ಷರ ಸೇರಿ ಅದು ಪಿಟಿ1ಎನ್ ಆಯಿತು.

2018ರ ಜನವರಿ 24ರಂದು ವಿಂಗ್ ಕಮಾಂಡರ್ ಯು.ಪಿ. ಸಿಂಗ್, ಗ್ರೂಪ್ ಕ್ಯಾಪ್ಟನ್ ಆರ್.ವಿ. ಪಣಿಕ್ಕರ್ ಮತ್ತು ಗ್ರೂಪ್ ಕ್ಯಾಪ್ಟನ್ ಕೆ.ಪಿ. ಭಟ್ ಅದೇ ಎಚ್‌ಎಎಲ್ ರನ್‌ವೇಯಿಂದ ಅದನ್ನು ಎತ್ತಿದರು. ಅಲ್ಲಿನ ಪ್ರಯಾಣಿಕರ ನಿಲ್ದಾಣ ಹತ್ತು ವರ್ಷದ ಹಿಂದೆಯೇ ದೇವನಹಳ್ಳಿಗೆ ಹೋಗಿತ್ತು. 40 ನಿಮಿಷ ಹಾರಿ ಇಳಿಯಿತು. ಫೆಬ್ರವರಿ 21ರಂದು ಎರಡನೆಯ ಹಾರಾಟ, 25 ನಿಮಿಷ, ಎತ್ತರ 8,500 ಅಡಿ, ವೇಗ 145 ನಾಟ್, ನಮ್ಮ ಲೆಕ್ಕದಲ್ಲಿ ತಾಸಿಗೆ ಸುಮಾರು 270 ಕಿಲೋಮೀಟರು. ಪರೀಕ್ಷೆಯ ಈ ನಿಧಾನದ ನಡಿಗೆಯಲ್ಲಿ ಬಂದರೂ ಹಾವೇರಿಯ ಆಕಾಶ ಮುಟ್ಟಲು ಒಂದೂಕಾಲು ತಾಸು ಸಾಕು. ನಾನು ಆ ಸುದ್ದಿ ಓದಿದಾಗ ಮೊದಲು ಮಾಡಿದ್ದು ಈ ಲೆಕ್ಕವನ್ನೇ.

ಎರಡನೆಯ ಹಾರಾಟಕ್ಕೆ ಅಂದಿನ ವಿಜ್ಞಾನ ಸಚಿವ ಹರ್ಷವರ್ಧನ್ ಬಂದಿದ್ದರು. ಅವರು ಕೊಟ್ಟ ಅಂಕಿಗಳು ಈ ಚರಿತ್ರೆಗೆ ಬೇಕಾದವು. ಇಂಥ ಆಮದು ವಿಮಾನಕ್ಕೆ 60ರಿಂದ 70 ಕೋಟಿ ರೂಪಾಯಿ ಆದರೆ ಸಾರಸ್‌ಗೆ 40ರಿಂದ 45 ಕೋಟಿ. ದೇಶೀಯ ಭಾಗ ಶೇ. 70ಕ್ಕೂ ಹೆಚ್ಚು. ಮುಂದಿನ ಹತ್ತು ವರ್ಷಕ್ಕೆ ಸೇನೆಗೂ ನಾಗರಿಕರಿಗೂ ಸೇರಿ 120ರಿಂದ 160 ವಿಮಾನ ಬೇಕು. ವಾಯುಪಡೆ ಮೊದಲಿಗೆ 15 ತೆಗೆದುಕೊಳ್ಳಲು ಒಪ್ಪಿದೆ. ಸೇನೆಯ ವಿಮಾನವನ್ನು ಎಚ್‌ಎಎಲ್ ಕಟ್ಟುತ್ತದೆ, ನಾಗರಿಕರದನ್ನು ಖಾಸಗಿಯವರು ಎಂದರು. ಉತಾರದಲ್ಲಿ ಕೊನೆಗೂ ಹೊಸ ಹೆಸರುಗಳು ದಾಖಲಾಗುವ ಹೊತ್ತು ಬಂತೆಂದು ಅಂದು ಅನಿಸಿತ್ತು.

ಬ್ರೆಜಿಲ್ ದೇಶದ ಒಂದು ಉದಾಹರಣೆ ಈ ಮಾತಿಗೆ ಬೆಳಕು ಕೊಡುತ್ತದೆ. ಅಲ್ಲೂ ಸರ್ಕಾರದ ಒಂದು ಸಂಶೋಧನಾ ಕೇಂದ್ರವೇ ಸಣ್ಣ ಪ್ರಯಾಣಿಕ ವಿಮಾನದ ನಕ್ಷೆ ಹಾಕಿತು, ಹೆಸರು ಬಂದೇರಾಂಟೆ. 1968ರ ಅಕ್ಟೋಬರ್ 22ರಂದು ಮೊದಲ ಮಾದರಿ ಹಾರಿತು. ಹತ್ತೇ ತಿಂಗಳಲ್ಲಿ, 1969ರ ಆಗಸ್ಟಿನಲ್ಲಿ, ಆ ವಿಮಾನ ಕಟ್ಟುವುದಕ್ಕೆಂದೇ ಒಂದು ಕಂಪನಿಯನ್ನು ಸರ್ಕಾರ ಹುಟ್ಟುಹಾಕಿತು. ಅದೇ ಎಂಬ್ರೇರ್. ಬಂದೇರಾಂಟೆ ಸುಮಾರು 500 ಕಟ್ಟಲ್ಪಟ್ಟು ಬೇರೆ ಬೇರೆ ದೇಶಗಳಲ್ಲಿ ಹಾರಿದವು. ಇಂದು ಆ ಕಂಪನಿಯ ಜೆಟ್ ವಿಮಾನಗಳು ನಮ್ಮ ದೇಶದ ಆಕಾಶದಲ್ಲೂ ಇವೆ. ಅವರ ಎಂಜಿನಿಯರುಗಳು ನಮ್ಮವರಿಗಿಂತ ಜಾಣರಾಗಿದ್ದರೆಂದು ನಾನು ನಂಬುವುದಿಲ್ಲ. ಅವರ ವಿಮಾನ ಹಾರಿದ ವರ್ಷದೊಳಗೆ ಅದನ್ನು ಕೈಯೊಡ್ಡಿ ತೆಗೆದುಕೊಳ್ಳುವ ಮನೆಯೊಂದು ಸಿದ್ಧವಾಯಿತು. ಸಾರಸ್ ಇಳಿದಾಗ ಪ್ರಯೋಗಾಲಯ ಬಿಟ್ಟರೆ ಬೇರೆ ಮನೆ ಇರಲಿಲ್ಲ. ಪ್ರಯೋಗಾಲಯದ ಧರ್ಮ ಹುಡುಕುವುದು, ಕಂಡದ್ದನ್ನು ದಾಟಿಸುವುದು. ನೂರಾರು ವಿಮಾನ ಕಟ್ಟಿ, ಮಾರಿ, ಬಿಡಿಭಾಗ ಒದಗಿಸುವುದು ಇನ್ನೊಬ್ಬರ ಕೆಲಸ.

ಈ ನಡುವೆ ಸಣ್ಣ ಊರುಗಳ ವಿಮಾನಯಾನ ಬೇರೆಯವರ ವಿಮಾನದಲ್ಲಿ ಬೆಳೆಯುತ್ತಿದೆ. ಸಣ್ಣ ಊರುಗಳಿಗೆ ವಿಮಾನ ಬಿಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಹಾರಿತು. ಕಾನ್ಪುರದಲ್ಲಿ ಕಟ್ಟಿದ 17 ಸೀಟಿನ ಡಾರ್ನಿಯರ್ 2022ರ ಏಪ್ರಿಲ್ 12ರಂದು ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟಿಗೆ ಪ್ರಯಾಣಿಕರನ್ನು ಕರೆದೊಯ್ಯಿತು. ನಮಗೆ ಹತ್ತಿರದ ಶಿವಮೊಗ್ಗದ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಬಂದದ್ದು ಫ್ರಾನ್ಸ್ ಮತ್ತು ಇಟಲಿ ಸೇರಿ ಕಟ್ಟುವ ಎಟಿಆರ್ 72. ರಾಣೆಬೆನ್ನೂರಿನವರಿಗೆ ಶಿವಮೊಗ್ಗ, ಹಾವೇರಿಯವರಿಗೆ ಹುಬ್ಬಳ್ಳಿ, ಮೋಟೆಬೆನ್ನೂರಿನ ಕ್ರಾಸಿನಲ್ಲಿ ನಿಂತ ಬ್ಯಾಡಗಿಯವರಿಗೆ ಎರಡರಲ್ಲಿ ಯಾವುದು ಅನುಕೂಲವೋ ಅದು. ಮನೆಯಿಂದ ಆ ನಿಲ್ದಾಣ ಮುಟ್ಟಿ, ತಪಾಸಣೆಗೆ ನಿಂತು, ಹತ್ತಿ ಇಳಿಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಸಾರಸ್ ಜಾತಿಯ ಸಣ್ಣ ವಿಮಾನಕ್ಕೆ ಕಿಲೋಮೀಟರಿನ ಆಸುಪಾಸಿನ ರನ್‌ವೇ ಸಾಕು. ಅಷ್ಟು ಜಾಗ ನಮ್ಮ ಜಿಲ್ಲೆಯಲ್ಲಿ ಸಿಗದೇ ಇರದು. ಊರ ಹತ್ತಿರ ಇಳಿಯುವ ವಿಮಾನ, ಅದೂ ನಮ್ಮವರೇ ಕಟ್ಟಿದ್ದು, ಎಂಬ ಆಸೆಯನ್ನು ನಾನು ಇನ್ನೂ ಬಿಟ್ಟಿಲ್ಲ.

ಎನ್‌ಎಎಲ್ ಈಗ ಕೈಗೆತ್ತಿಕೊಂಡಿರುವುದು ಸಾರಸ್ ಎಂಕೆ2. 14 ಸೀಟು ಹೋಗಿ 19 ಆಗಿದೆ. 19 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ: ಜಗತ್ತಿನ ಹೆಚ್ಚಿನ ಕಡೆ ಸಣ್ಣ ಪ್ರಯಾಣಿಕ ವಿಮಾನಗಳ ಪ್ರಮಾಣಪತ್ರದ ಗಡಿ ಅಲ್ಲಿಗೆ ನಿಲ್ಲುತ್ತದೆ. ಅದನ್ನು ದಾಟಿದರೆ ಒಳಗೆ ಪರಿಚಾರಕರು ಇರಲೇಬೇಕು, ನಿಯಮಗಳ ಹೊರೆಯೂ ಹೆಚ್ಚುತ್ತದೆ. ವಿಟಿ-ಎಕ್ಸ್‌ಎಸ್‌ಡಿ ಪಿಟಿ1ಎನ್ ಆಗಿ ಹಾರಿ ಕೊಟ್ಟ ಅಂಕಿಗಳೇ ಈ ಹೊಸ ನಕ್ಷೆಯ ಅಡಿಪಾಯ.

ರಷ್ಯನ್ನರ ಜೊತೆ ಒಪ್ಪಂದವಾದ 1991ರಲ್ಲಿ 25ರ ಹರೆಯದಲ್ಲಿ ಈ ಯೋಜನೆಗೆ ಸೇರಿದ ಎಂಜಿನಿಯರಿಗೆ 2026ರಲ್ಲಿ 60 ತುಂಬುತ್ತದೆ. ಸರ್ಕಾರಿ ಪ್ರಯೋಗಾಲಯದಲ್ಲಿ ಅದು ನಿವೃತ್ತಿಯ ವಯಸ್ಸು. ಅವರ ಇಡೀ ಸೇವಾವಧಿಯಲ್ಲಿ ಹಾರಿದ್ದು ಎರಡು ಮಾದರಿ, ಒಂದು ಬಿಡದಿಯ ಬಯಲಿನಲ್ಲಿ ಮುಗಿಯಿತು, ಇನ್ನೊಂದನ್ನು ಅವರು ಎರಡು ಸಲ ಕಟ್ಟಿದರು. ಮೊದಲ ದಿನ ಬರೆದ ಮಾಲಿಕರ ಹೆಸರಿನ ಮುಂದೆ ವಿಟಿ-ಎಕ್ಸ್‌ಎಸ್‌ಡಿಯ ಸಾಗುವಳಿಯಾಗಿ ವಾಯುಪಡೆಯ ಐವರ ಹೆಸರನ್ನು ನಾನು ಇಲ್ಲಿ ದಾಖಲಿಸಿದ್ದೇನೆ. ಪೀಕಿನ ಕಾಲಮ್ಮಿನಲ್ಲಿ ಟಿಕೆಟ್ ತೆಗೆದು ಹತ್ತಿದ ಒಬ್ಬ ಪ್ರಯಾಣಿಕನ ಹೆಸರೂ ಇಲ್ಲ. ಆ ಕಾಲಮ್ಮಿನಲ್ಲಿ ಬರೆಯಬೇಕಾದದ್ದು ಸಾವಿರಗಟ್ಟಲೆ ಪುಟದ ಲೆಕ್ಕ, ಅಳತೆ, ತಪ್ಪು, ತಿದ್ದುಪಡಿ. ಅವು ಬೆಂಗಳೂರಿನ ಪ್ರಯೋಗಾಲಯದಲ್ಲಿ ಇವೆ, ಮತ್ತು 19 ಸೀಟಿನ ನಕ್ಷೆಯ ಮೇಲೆ ಬಗ್ಗಿ ಕೂತ ಹೊಸ ಹುಡುಗ ಹುಡುಗಿಯರು ಅವನ್ನು ಓದುತ್ತಿದ್ದಾರೆ.